ಆಪರೇಷನ್ ಆದ ಆರನೇ ದಿನದ ಸ್ನಾನ

ಪೊರೆ ತೆಗೆಸಿಕೊಳ್ಳಿ ಅಂತ ನಮ್ಮವರಿಗೆ ಹೇಳೀ ಹೇಳೀ ನನಗೆ ಬಾಯಿ ನೋವು ಬಂದಿತ್ತು. ಅವರ ಎಡಗಣ್ಣು ಚಿಕ್ಕಂದಿನಲ್ಲೇ ಪೆಟ್ಟು ಬಿದ್ದು ಹೋಗಿದೆ. ಬಲಗಣ್ಣಿಗೂ ಪೊರೆ ಬಂದು, ತ್ರಿಪ್ಲಿಕೇನ್‌ನ ನಮ್ಮ ಬೀದಿಯಲ್ಲೇ ನಿಂತ ಆಟೋಗೆ ಡಿಕ್ಕಿ ಹೊಡೆದುಕೊಂಡು ಬಂದ ಮೇಲೆ ಒಪ್ಪಿದರು. ಎರಡು ವಾರ ತಲೆಗೆ ನೀರು ಹಾಕಬೇಡಿ, ಕಣ್ಣಿಗೆ ಹೋದರೆ ಕೀವಾಗುತ್ತೆ ಅಂತ ನರ್ಸ್ ತಮಿಳಿನಲ್ಲಿ ಮೂರು ಮೂರು ಸಲ ಹೇಳಿ ಕಳಿಸಿದ್ದಳು.

ಆರನೇ ದಿನಕ್ಕೆ ಮಾವನವರ ಶ್ರಾದ್ಧ ಬಂತು. "ಏನ್ರೀ, ಕ್ಯಾಲೆಂಡರ್ ನೋಡಿ ಡೇಟ್ ತಗೋಬಾರದಿತ್ತಾ?" ಅಂದೆ. "ನೋಡಕ್ಕೆ ಕಣ್ಣೆಲ್ಲಿತ್ತೇ?" ಅಂದರು. ನಗು ಬಂದರೂ ನಗಲಿಲ್ಲ.

ಅವತ್ತು ಬೆಳಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. "ಕುತ್ತಿಗೆವರೆಗೆ ಸ್ನಾನ ಮಾಡಿ, ಸಾಕು. ಆಚಾರ್ಯರ ಹತ್ತಿರ ನಾನೇ ಮಾತಾಡ್ತೀನಿ" ಅಂದೆ.

"ಅಪ್ಪನಿಗೆ ವರ್ಷಕ್ಕೊಂದು ದಿನ. ತಲೆಗೆ ನೀರು ಹಾಕ್ಕೊಳ್ಳದೆ ಪಿಂಡ ಇಡಲಾ? ಸುಮ್ನಿರೇ" ಅಂತ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು.

ಬಾಗಿಲು ಬಡಿದೆ. "ಇರೋದೊಂದು ಕಣ್ಣು ರೀ! ಅದೂ ಹೋದರೆ ಏನು ಗತಿ?" ಒಳಗೆ ಬಕೆಟ್ ತುಂಬುವ ಸದ್ದು. ಅಡುಗೆಮನೆಯಲ್ಲಿ ಮಡಿಯುಟ್ಟಿದ್ದ ಅತ್ತೆ ಸೌಟಾಡಿಸುತ್ತಲೇ ಇದ್ದರು. ಮಗನ ಕಣ್ಣಿಗಿಂತ ಮಡಿ ಹೆಚ್ಚಾಯಿತಾ ಇವರಿಗೆ ಅಂತ ಮೈಯೆಲ್ಲ ಉರಿಯಿತು. ಅದನ್ನ ಜೋರಾಗಿಯೇ ಅಂದೆ.

ಅತ್ತೆ ಸೌಟು ಕೆಳಗಿಟ್ಟು ಬಂದರು. ಮಡಿಯಲ್ಲಿದ್ದವರು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.

"ಲೋ, ಒಂದು ಚೊಂಬು ತಲೆಗೆ ಬಿತ್ತೋ, ನಾನು ಈ ಮನೇಲಿ ಇರಲ್ಲ! ನಿಮ್ಮಪ್ಪನ ಕಣ್ಣಿನ ಆಪರೇಷನ್ ಆದ ವಾರ ಯುಗಾದಿ ಬಂದಿತ್ತು. ಬೇಡ ಬೇಡ ಅಂದರೂ ನಾನೇ ಎಣ್ಣೆ ಹಚ್ಚಿ ತಲೆಗೆ ನೀರು ಹುಯ್ದೆ. ಅದರಿಂದಲೇ ಕಣೋ ಅವರ ಕಣ್ಣು ಹೋಗಿದ್ದು."

ಒಳಗೆ ನಲ್ಲಿ ನಿಂತಿತು. "ನಾನೇ ಕಣ್ಣು ಉಜ್ಜಿಕೊಂಡುಬಿಟ್ಟೆ ಅಂತ ಅಪ್ಪ ಹೇಳ್ತಿದ್ದರಲ್ಲಮ್ಮಾ?"

"ನನ್ನನ್ನ ಯಾರೂ ಏನೂ ಅನ್ನಬಾರದು ಅಂತ ಹಾಗಂದರು. ಸಾಯೋವರೆಗೂ ಹಾಗೇ ಅಂದರು."

ಚಿಲಕ ತೆಗೆದ ಸದ್ದಾಯಿತು. ನಮ್ಮವರು ಹೊರಗೆ ಬಂದರು. ಅತ್ತೆ ಎರಡೂ ಕೈಯಲ್ಲಿ ಅವರ ತಲೆ ತಡವಿ ತಡವಿ, ಒಂದು ಹನಿಯೂ ಬಿದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ, ನಿಂತಲ್ಲೇ ಕುಸಿದು ಅತ್ತರು.