ಹೆಂಚಿನ ಮೇಲೆ ಎಸೆದ ಹರಳು

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇತ್ತು. ಕುಕ್ಕರಗಾಲಲ್ಲಿ ಕೂತು ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ನೂಕುವುದು ನನ್ನ ಕೆಲಸ. ಒಂದು ದಿನ ಏಳಲು ಹೋದರೆ ಬಲಮಂಡಿ ಬೀಗ ಹಾಕಿದಂತೆ ಕಚ್ಚಿಕೊಂಡಿತು. ಕಾಲು ಕೊಡವಿದ ಮೇಲೆ ಟಕ್ಕೆಂದು ಬಿಟ್ಟಿತು. ಆಮೇಲೆ ಅದಕ್ಕೆ ಅದೇ ಚಾಳಿಯಾಯಿತು.

ಎಣ್ಣೆ ತಿಕ್ಕಲು ಕೂತ ಅಜ್ಜಿ ಥಟ್ಟನೆ ಕೈ ಎಳೆದುಕೊಂಡಳು.

"ಒಳ್ಗೆ ಏನೋ ಓಡಾಡ್ತದೆ ಕಣ್ಲಾ. ಬೆರಳಿಟ್ರೆ ಜಾರ್ಕೊಂಡು ಓಯ್ತದೆ."

"ನಿನ್ ತಲೆ," ಎಂದು ರೇಗಿ, ನಾನೇ ಮುಟ್ಟಿ ನೋಡಿಕೊಂಡೆ. ಚರ್ಮದಡಿ ಗಟ್ಟಿಯಾದದ್ದೊಂದು ನನ್ನ ಬೆರಳಿನಿಂದ ತಪ್ಪಿಸಿಕೊಂಡು ಮಂಡಿಚಿಪ್ಪಿನ ಹಿಂದೆ ಅಡಗಿತು.

ಊರಿನ ಡಾಕ್ಟರು, ಗಡ್ಡೆ ಇರಬಹುದು, ಕೆಟ್ಟದ್ದಾದರೆ ಕಾಲು ತೆಗೆಯಬೇಕಾದೀತು ಎಂದರು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಮೈಸೂರಿನಲ್ಲಿ ಎಕ್ಸ್‌ರೇ ತೆಗೆಸಿದೆವು. ಕೀಲಿನ ಸುತ್ತ ಹಿಡಿ ಜೋಳ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಮಂಡಿ ಕೊಯ್ದು ಎಲ್ಲವನ್ನೂ ಹೊರತೆಗೆದು, ಒಳಪೊರೆಯ ಚೂರನ್ನು ಪರೀಕ್ಷೆಗೆ ಕಳಿಸಿದರು.

"ಕ್ಯಾನ್ಸರ್ ಅಲ್ಲಪ್ಪ," ಎಂದರು ಸರ್ಜನ್. "ಅಪರೂಪದ ಕಾಯಿಲೆ. ಕೀಲಿನ ಪೊರೆಯೇ ಎಳೆಮೂಳೆಯ ಹರಳು ಬೆಳೆಸುತ್ತೆ. ಪೊರೆ ತೆಗೆದಿದ್ದೀನಿ. ಚೂರುಪಾರು ಉಳಿದಿದ್ದರೆ ಮತ್ತೆ ಬರಬಹುದು."

ಕಾಲು ಉಳಿಯಿತಲ್ಲ ಎಂದು ಕೂಸಿನಂತೆ ಅತ್ತುಬಿಟ್ಟೆ. ಹರಳುಗಳನ್ನು ಸೀಸೆಯಲ್ಲಿ ಹಾಕಿ ಕೊಟ್ಟರು.

ನಮ್ಮಜ್ಜಿಗೆ ಎಲ್ಲಕ್ಕೂ ಒಂದು ಶಾಸ್ತ್ರ. ಮನೆಗೆ ಬಂದೊಡನೆ ಸೀಸೆ ಕಿತ್ತುಕೊಂಡಳು. "ಮೈಯಿಂದ ಬಂದದ್ದ ತಿಪ್ಪೆಗೆ ಆಕ್ಬಾರ್ದು ಕಣ್ಲಾ." ನನ್ನ ಹಾಲುಹಲ್ಲು ಬಿದ್ದಾಗ ಮಾಡಿದಂತೆಯೇ ಹರಳುಗಳನ್ನು ಸಗಣಿ ಉಂಡೆಯೊಳಗೆ ಹುದುಗಿಸಿ ಹೆಂಚಿನ ಮೇಲೆ ಎಸೆದಳು. ಒಂದು ಹರಳು ಕಳಚಿ ಉರುಳುವ ಸದ್ದು ಕೇಳಿತು. ಕೆಳಗೆ ಬೀಳಲೇ ಇಲ್ಲ.

ಮುದ್ದೆ ಕಟ್ಟುತ್ತಿದ್ದ ಅವ್ವನ ಕೈ ನಿಂತಿತು. "ಅತ್ತೆಮ್ಮಾ, ಹಲ್ಲ ಎಸೆಯಾದು ಒಸ ಹಲ್ಲು ಬರ್ಲಿ ಅಂತಲ್ವಾ?"

ಅಜ್ಜಿಯ ಮುಖ ಬಿಳಿಚಿತು. ಮರುದಿನ ಬೆಳಿಗ್ಗೆ ಏಣಿ ಹಾಕಿಸಿ ಹೆಂಚು ಹೆಂಚನ್ನೂ ಹುಡುಕಿಸಿದಳು. ಸಗಣಿ ಉಂಡೆ ಸಿಕ್ಕಿತು. ಒಳಗೆ ಹರಳು ಹುದುಗಿದ್ದ ಗುಳಿಗಳಷ್ಟೇ ಇದ್ದವು. ಕಾಗೆ ಕುಕ್ಕಿರಬೇಕು ಎಂದು ನಾನು ನಕ್ಕೆ.

ಅಂದಿನಿಂದ ಅಜ್ಜಿ ಸಂಜೆಯಾದರೆ ನನ್ನ ಮಂಡಿಯ ಮೇಲೆ ಅಂಗೈ ಇಟ್ಟು ನೋಡುವಳು. "ಏನಿಲ್ಲ ಬುಡ್ಲಾ," ಎಂದು ಎದ್ದುಹೋಗುವಳು. ನನಗೆ ಅದೊಂದು ತಮಾಷೆ.

ಮುಂದಿನ ವರ್ಷ ಆಲೆ ಶುರುವಾದ ಸಂಜೆಯೂ ಹಾಗೆಯೇ ಕೂತಳು. ಅವಳ ಅಂಗೈಯಡಿ ಏನೋ ಮೆಲ್ಲಗೆ ಜಾರಿತು. ಇಬ್ಬರಿಗೂ ತಿಳಿಯಿತು.

"ಏನಿಲ್ಲ ಬುಡ್ಲಾ," ಎಂದಳು ಅಜ್ಜಿ. ಕೈ ಮಾತ್ರ ತೆಗೆಯಲಿಲ್ಲ.