ನಂಟಿತ್ತು ಎಂದು ವಾದಿಸಿದ ಹುಡುಗಿ

ಚಿಕ್ಕಮಗಳೂರಿನ ಕಾಲೇಜೊಂದರ ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಅಮೆರಿಕ ಉರುಳಿಸಿದ ಇರಾಕ್ ಸರ್ಕಾರಕ್ಕೆ ಭಯೋತ್ಪಾದಕರ ಜಾಲದೊಡನೆ ನಂಟಿತ್ತೇ ಎಂಬುದು ವಿಷಯ. ಚೀಟಿ ಎತ್ತಿದಾಗ ಜಾವಳಿ ಎಂಬ ಊರಿನ ಹುಡುಗಿಯೊಬ್ಬಳಿಗೆ ‘ಇತ್ತು’ ಎಂದು ವಾದಿಸುವ ಪಾಳಿ ಬಂತು. ಅವಳು ಮೇಜು ಗುದ್ದಿ ಮಾತಾಡಿದಳು. ಸಭೆ ಚಪ್ಪಾಳೆ ತಟ್ಟಿತು. ಎದುರಾಳಿ ಹುಡುಗ ತನಿಖಾ ವರದಿಗಳನ್ನು ತಣ್ಣಗೆ ಓದಿದ, ಜನ ಆಕಳಿಸಿದರು.

“ಅವಳು ಒಂದೂ ಸಾಕ್ಷಿ ಕೊಡಲಿಲ್ಲವಲ್ಲ?” ಎಂದು ನಾನು ತಕರಾರು ತೆಗೆದೆ.

“ಇದು ಕೋರ್ಟಲ್ಲ ಮಾರಾಯ್ರೆ,” ಎಂದು ಉಳಿದಿಬ್ಬರು ತೀರ್ಪುಗಾರರು ನಕ್ಕರು. ಬಹುಮಾನ ಅವಳಿಗೇ ಹೋಯಿತು.

ಕಪ್ ಕೊಡುವಾಗ ಅವಳು ಮೆಲ್ಲಗೆ ಕೇಳಿದಳು, “ನಿಜವಾಗ್ಲೂ ನಂಟಿತ್ತಾ ಸರ್?”

“ಗಟ್ಟಿ ಸಾಕ್ಷಿ ಯಾರಿಗೂ ಸಿಗಲಿಲ್ಲಮ್ಮ.”

“ನಂಗೂ ಸಿಗಲಿಲ್ಲ ಸರ್. ಅದಕ್ಕೇ ಅಷ್ಟು ಜೋರಾಗಿ ಮಾತಾಡಿದ್ದು.”

ಕಪ್ ಕೊಟ್ಟದ್ದು ತಪ್ಪಲ್ಲ ಅನ್ನಿಸಿತು. ಇದೇ ನಂಟಿನ ನೆಪ ಹೇಳಿ ಯುದ್ಧಕ್ಕೆ ಹೊರಟವರು ಇಷ್ಟನ್ನೂ ಒಪ್ಪಿಕೊಂಡಿರಲಿಲ್ಲ.