ಲಟ್ಟಣಿಗೆಗೆ ಹೊಗೆಯ ಅಂಗಿ

ಅಮ್ಮನ ಲಟ್ಟಣಿಗೆ ನನ್ನ ಜೊತೆ ಮಣಿಪಾಲಕ್ಕೆ ಬಂದದ್ದು ನಾನು ಇಂಜಿನಿಯರಿಂಗ್ ಓದುತ್ತಿದ್ದಾಗ. ಕಾಪುವಿನಿಂದ ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅದನ್ನು ಬುತ್ತಿಯ ಪಕ್ಕ ತುರುಕಿಕೊಂಡಿದ್ದೆ. ಅಮ್ಮ ಗೇಟಿನ ತನಕ ಬಂದು, "ಇನ್ನು ಚಪಾತಿಗೆ ಎಂತ ಮಾಡುವುದು? ಬಾಟ್ಲಿ ಉರುಳಿಸುವುದಾ?" ಎಂದು ಕೇಳಿದ್ದರು. ನಾನು ಆಗಲೇ ಬಸ್ಸಿನ ಕಡೆ ಓಡುತ್ತಿದ್ದೆ.

ಕಾಲೇಜಿನಲ್ಲಿ ನಾವೊಂದು ರೋಬೋಟ್ ಮಾಡುತ್ತಿದ್ದೆವು. ರೋಬೋಟ್ ಎಂದರೆ ಚಕ್ರ ಕಟ್ಟಿದ ಪ್ಲೈವುಡ್ ಪೆಟ್ಟಿಗೆ, ಅಷ್ಟೆ. ನೆಲದಲ್ಲಿ ಚೆಲ್ಲಿದ ಟೇಬಲ್ ಟೆನಿಸ್ ಚೆಂಡುಗಳನ್ನು ಅದು ಹೆಕ್ಕಬೇಕು. ಹೆಕ್ಕಲು ಮುಂಭಾಗದಲ್ಲಿ ಒಂದು ರೋಲರ್ ತಿರುಗುತ್ತಾ ಚೆಂಡನ್ನು ಒಳಗೆ ಎಳೆದುಕೊಳ್ಳಬೇಕು. ಮೋಟಾರು, ವಯರು, ರಿಮೋಟು ಎಲ್ಲ ಸೀನಿಯರುಗಳ ಪಾಲು. "ರೋಲರಿನಲ್ಲಿ ದೊಡ್ಡದೇನಿಲ್ಲ" ಎಂದು ಅದನ್ನು ನನಗೂ ನನ್ನ ಗೆಳತಿಗೂ ಬಿಟ್ಟಿದ್ದರು. ಆ ಮಾತು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗೆಳತಿಯದು ಬಾಗಲಕೋಟೆ ಕಡೆ. ಅವಳ ಅಪ್ಪ ಗಾರೆ ಕೆಲಸಕ್ಕೆಂದು ಬಂದು ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು ಇಲ್ಲೇ ಉಳಿದವರು. ನಮ್ಮ ಲ್ಯಾಬ್ ಇದ್ದ ಕಟ್ಟಡಕ್ಕೆ ನೆಲ ಹಾಸಿದವರಲ್ಲಿ ಅವರೂ ಒಬ್ಬರು. ಕೆಲಸ ಮುಗಿದು ಬೀಗ ಬಿದ್ದ ಮೇಲೆ ಅವರು ಆ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ. ಶನಿವಾರ ಪ್ರದರ್ಶನ, ಮನೆಯವರೂ ಬರಬಹುದು ಎಂದು ಗೊತ್ತಾದದ್ದೇ ತಡ, ಅವಳು ಅಪ್ಪನಿಗೆ ಹೇಳಿಬಿಟ್ಟಿದ್ದಳು. ಅವರು ರಜೆ ಹೇಳಿ, ಬಿಳಿ ಅಂಗಿ ಒಗೆಸಿಟ್ಟುಕೊಂಡಿದ್ದರು.

ಇತ್ತ ಸೀನಿಯರ್ ಒಬ್ಬರು ತಣ್ಣಗೆ ಹೇಳಿದರು: "ಶುಕ್ರವಾರದೊಳಗೆ ಚೆಂಡು ಒಳಗೆ ಹೋಗದಿದ್ದರೆ ಮುಂದಿನ ಭಾಗ ಬಿಚ್ಚಿಡುವ. ಗಾಡಿ ಓಡಿಸಿ ತೋರಿಸಿದರೆ ಸಾಕು."

"ಅಪ್ಪ ಬಂದಾಗ ನಾ ಏನ್ ತೋರಿಸ್ಲಿ ಮಾರಾಯ್ತಿ?" ಎಂದಳು ಗೆಳತಿ. ನಮ್ಮ 'ಮಾರಾಯ್ತಿ' ಅವಳ ಬಾಯಲ್ಲಿ ಬೇರೆಯೇ ರಾಗದಲ್ಲಿ ಬರುತ್ತಿತ್ತು. ಆವತ್ತು ನನಗೆ ನಗು ಬರಲಿಲ್ಲ.

ಆ ವಾರ ಉರುಟಾದದ್ದೆಲ್ಲ ನನ್ನ ಕಣ್ಣಿಗೆ ರೋಲರ್ ಆಗಿಯೇ ಕಾಣುತ್ತಿತ್ತು. ಬಾಳೆದಿಂಡು, ಬಸ್ಸಿನ ಕಂಬಿ, ಕಂಡಕ್ಟರ್ ಸುರುಳಿ ಸುತ್ತಿ ಹಿಡಿದ ಪೇಪರು. ಸಂಜೆ ಕಾಪುವಿನ ಮರಳಿನಲ್ಲಿ ನಡೆದರೆ ದೀಪಸ್ತಂಭವೂ ಮೆಲ್ಲನೆ ತಿರುಗಿದಂತೆ, ಅಲೆಯ ಬಿಳಿ ನೊರೆ ಚೆಂಡು ಚೆಂಡಾಗಿ ಅದರ ಬುಡಕ್ಕೆ ಬಂದಂತೆ ಅನಿಸುತ್ತಿತ್ತು. ಬಲೆಗೆ ಕಟ್ಟುವ ತೇಲುಬುರುಡೆಗಳು, ನಡುವೆ ತೂತಿರುವಂಥವು, ದಡದಲ್ಲಿ ಸಿಕ್ಕವು. ಸರಳಿಗೆ ಪೋಣಿಸಿ ತಿರುಗಿಸಿದರೆ ಚೆಂಡು ಒಳಗೆ ಬರುವ ಬದಲು ಮುಂದಕ್ಕೆ ಹಾರಿತು. ಬರೀ ಲಟ್ಟಣಿಗೆ ಜಾರಿತು. ಅದಕ್ಕೆ ಹವಾಯಿ ಚಪ್ಪಲಿ ಕತ್ತರಿಸಿ ಅಂಟಿಸಿದೆವು, ಅದು ಎರಡು ಸುತ್ತಿಗೆ ಕಿತ್ತು ಬಂತು.

ಅಮ್ಮ ಲಟ್ಟಣಿಗೆಯ ದುಃಖವನ್ನು ಕಾರ್ಕಳದ ಚಿಕ್ಕಮ್ಮನಿಗೆ ಫೋನಿನಲ್ಲಿ ತೋಡಿಕೊಳ್ಳುತ್ತಾ, ನನಗೆ ಬೇಕಾದದ್ದು ರಬ್ಬರ್ ರೋಲರ್ ಎಂದರು. ಆ ಕಡೆಯಿಂದ ಚಿಕ್ಕಮ್ಮ ತುಳುವಿನಲ್ಲಿ ಹೇಳಿದ್ದು ಇಷ್ಟೆ: "ರಬ್ಬರ್ ರೋಲರಾ? ನಮ್ಮಲ್ಲಿ ಉಂಟಲ್ಲ, ಬಂದು ನೋಡಲಿ."

ನನ್ನ ಎದೆ ಹಗುರವಾಯಿತು. ಮರುದಿನ ಮಧ್ಯಾಹ್ನ ಇಬ್ಬರೂ ಕಾರ್ಕಳದ ಬಸ್ಸು ಹತ್ತಿದೆವು. ಪರ್ಕಳ ದಾಟಿ ಹಿರಿಯಡ್ಕದ ಕಡೆ ತಿರುವುಗಳು ಶುರುವಾದದ್ದೇ ಗೆಳತಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಕಿಟಕಿಯಲ್ಲಿ ಬಿಸಿಲು, ನೆರಳು, ಮತ್ತೆ ಬಿಸಿಲು. ನನಗೂ ಜೋಂಪು ಹತ್ತಿ, ಗುಡ್ಡದ ಮೇಲಿಂದ ಬಿಳಿ ಚೆಂಡುಗಳು ಸದ್ದಿಲ್ಲದೆ ಉರುಳಿ ಬಂದು ಬಸ್ಸಿನ ಬಾಗಿಲಲ್ಲಿ ಒಂದೊಂದಾಗಿ ಹತ್ತುವ ಕನಸು ಬಿತ್ತು. ಅಷ್ಟು ನೆಮ್ಮದಿಯ ಕನಸು ನನಗೆ ಆಮೇಲೆ ಬಿದ್ದದ್ದು ಕಡಿಮೆ.

ಚಿಕ್ಕಪ್ಪ ನಮ್ಮನ್ನು ಮನೆಯ ಹಿಂದಿನ ತಗಡಿನ ಮಾಡಿನಡಿಗೆ ಕರೆದುಕೊಂಡು ಹೋದರು. ಅಲ್ಲಿದ್ದದ್ದು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ಯಂತ್ರ, ಕಬ್ಬಿನ ಹಾಲಿನ ಗಾಣಕ್ಕಿಂತ ದೊಡ್ಡದು. ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಅದರೊಳಗೆ ಕೊಟ್ಟರೆ ಶೀಟಾಗಿ ಹೊರಗೆ ಬರುತ್ತದೆ. ಚಿಕ್ಕಪ್ಪ ಕೈಹಿಡಿ ತಿರುಗಿಸಿ ತೋರಿಸಿ, "ಟೆಂಪೋ ಎಲ್ಲಿ ನಿಲ್ಲಿಸಿದ್ದೀರಿ?" ಎಂದು ಕೇಳಿದರು.

ನನಗೆ ಬೇಕಿದ್ದದ್ದು ರಬ್ಬರಿನ ರೋಲರ್. ಇವರಲ್ಲಿದ್ದದ್ದು ರಬ್ಬರಿಗೆ ರೋಲರ್. ಒಂದು ವಿಭಕ್ತಿ ನುಂಗಿದ್ದಕ್ಕೆ ಇಷ್ಟು ದೂರ ಬಂದಿದ್ದೆವು. ಗೆಳತಿ ಮೊದಲು ಜೋರಾಗಿ ನಕ್ಕಳು, ನಗುತ್ತಲೇ ಅಳತೊಡಗಿದಳು. ಚಿಕ್ಕಪ್ಪ ಗಾಬರಿಯಾಗಿ ಚಿಕ್ಕಮ್ಮನನ್ನು ಕೂಗಿದರು.

ಚಿಕ್ಕಮ್ಮ ಅವಳನ್ನು ಒಳಗೆ ಕರೆದು ಚಹಾ ಕೊಟ್ಟರು. ಒಲೆಯ ಮೇಲಿನ ಬಿದಿರಿಗೆ ರಬ್ಬರ್ ಶೀಟುಗಳನ್ನು ಒಣಬಟ್ಟೆಯ ಹಾಗೆ ನೇತು ಹಾಕಿದ್ದರು, ಹೊಗೆ ಕುಡಿದು ಜೇನಿನ ಬಣ್ಣಕ್ಕೆ ಬಂದಿದ್ದವು. ಗೆಳತಿ ಮೂಗು ಒರೆಸಿಕೊಳ್ಳುತ್ತಾ ಒಂದರ ಅಂಚನ್ನು ಮುಟ್ಟಿದಳು. ಯಂತ್ರದ ಹಲ್ಲು ಅದರ ಮೈತುಂಬ ಗೆರೆ ಮೂಡಿಸಿತ್ತು. ಅವಳು ಬೆರಳನ್ನು ಮತ್ತೆ ಮತ್ತೆ ಎಳೆದು ನೋಡಿ, "ಇದು ಹಿಡೀತದ" ಎಂದಳು.

ಚಿಕ್ಕಮ್ಮ ಒಂದು ತುಂಡು ಕತ್ತರಿಸಿ ಪೇಪರಿನಲ್ಲಿ ಸುತ್ತಿಕೊಟ್ಟರು. ಬಸ್ಸಿಡೀ ಹೊಗೆಯ ವಾಸನೆ. ಕಂಡಕ್ಟರ್ ಟಿಕೇಟು ಹರಿಯುತ್ತಾ, "ಒಣಮೀನಾ?" ಎಂದು ವಿಚಾರಿಸಿದ.

ಶುಕ್ರವಾರ ಶೀಟನ್ನು ಲಟ್ಟಣಿಗೆಗೆ ಸುತ್ತಿ ಬಿಗಿದು ತಿರುಗಿಸಿದೆವು. ಚೆಂಡನ್ನು ಅದು ಗಬಕ್ಕನೆ ಹಿಡಿಯಿತು. ಹಿಡಿದದ್ದನ್ನು ಬಿಡಲಿಲ್ಲ. ಲ್ಯಾಬಿನ ಸೆಕೆಗೆ ರಬ್ಬರ್ ಅಂಟು ಬಿಟ್ಟು, ಚೆಂಡು ಪೆಟ್ಟಿಗೆಯೊಳಗೆ ಬೀಳದೆ ರೋಲರಿನ ಜೊತೆಗೇ ಸುತ್ತು ಹಾಕುತ್ತಿತ್ತು. ಸೀನಿಯರ್ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ಗೆಳತಿ ರೋಬೋಟಿನ ಎದುರು ಕೈಯಡ್ಡ ಇಟ್ಟು, "ನಾಳೆ ಮುಂಜಾನಿ ಬಿಚ್ರಿ" ಎಂದಳು. ಅವಳು ಸೀನಿಯರಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಶನಿವಾರ ಅವಳು ಬಂದಾಗ ಕೈಯಲ್ಲಿ ಒಂದು ಪೊಟ್ಟಣ ಇತ್ತು. ಜೋಳದ ಹಿಟ್ಟು. "ರೊಟ್ಟಿ ಬಡಿಯೋವಾಗ ಅಂಟಬಾರದಂತ ಹಿಟ್ಟು ಉದುರಸ್ತೀವಲ್ಲ" ಎನ್ನುತ್ತಾ ರೋಲರಿಗೆ ಚಿಟಿಕೆ ಚಿಟಿಕೆಯಾಗಿ ಸವರಿದಳು. ಚೆಂಡು ಹತ್ತಿತು, ಅರ್ಧ ಸುತ್ತು ಹೋಯಿತು, ಪೆಟ್ಟಿಗೆಯೊಳಗೆ ಟಕ್ ಎಂದು ಬಿತ್ತು. ಸೀನಿಯರ್ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡರು. ನನಗಾದ ಖುಷಿಯನ್ನು ಹೇಗೆ ಹೇಳಲಿ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅವಳ ಅಪ್ಪ ಹತ್ತು ಗಂಟೆಗೆ ಬಂದರು. ಯಾರೂ ಹೇಳದಿದ್ದರೂ ಚಪ್ಪಲಿಯನ್ನು ಲ್ಯಾಬಿನ ಹೊರಗೆ ಬಿಟ್ಟರು. ಮೊದಲು ನೆಲ ನೋಡಿದರು, ಕೂತು ಅಂಗೈಯಿಂದ ಒಮ್ಮೆ ಸವರಿದರು. ಗೆಳತಿ ಸೀನಿಯರ್ ಕೈಯಿಂದ ರಿಮೋಟು ತೆಗೆದುಕೊಂಡಳು. ರೋಬೋಟ್ ತೂಗಾಡುತ್ತಾ ಹೋಗಿ, ಅವರ ಪಾದದ ಹತ್ತಿರವಿದ್ದ ಚೆಂಡನ್ನು ನುಂಗಿತು.

ಅವರು ಮಗಳ ಮುಖ ನೋಡಿದರು. ಆಮೇಲೆ ಪೆಟ್ಟಿಗೆಗೆ ಕೈ ಹಾಕಿ ಚೆಂಡನ್ನು ತೆಗೆದು ನೆಲದ ಮೇಲಿಟ್ಟರು. ಅದು ಮತ್ತೆ ನುಂಗಿತು. ಅವರು ಮತ್ತೆ ತೆಗೆದರು. ಹಿಂದೆ ಜನ ಸೇರುತ್ತಿದ್ದರು, ಸರದಿ ಕಾಯುತ್ತಿದ್ದರು, ಯಾರೂ ಅವರನ್ನು ಏಳಿ ಎನ್ನಲಿಲ್ಲ.

"ಅಪ್ಪಾ, ಸಾಕೇಳು" ಎಂದಳು ಅವಳು.

ನೆಲದಲ್ಲಿ ಹಿಟ್ಟಿನ ಸಣ್ಣ ಗೆರೆ ಬಿದ್ದಿತ್ತು. ಅವರು ಅದನ್ನು ಟವೆಲಿನ ತುದಿಯಿಂದ ಒರೆಸಿ, ಒರೆಸಿದ ಜಾಗದಲ್ಲೇ ಚೆಂಡನ್ನಿಟ್ಟು, ತಲೆ ಎತ್ತದೆ ಹೇಳಿದರು: "ಇನ್ನೊಮ್ಮೆ ತಿನ್ನಸವ್ವಾ."